ಎಮ್ಮೆಯ ಕಿವಿ ಮತ್ತು ನಮ್ಮ ತಿಳುವಳಿಕೆ

ಜನ ಮೋಸ ಹೋಗದಂತೆ ನೋಡಿಕೊಳ್ಳಲು ಸರಕಾರ ಒಬ್ಬನನ್ನು ನೇಮಿಸಿದರೆ, ಅವನ ಸುತ್ತ ನಗುವಂಥ ಸಂಗತಿಗಳು ತಾವಾಗಿಯೇ ಬಂದು ಬೀಳುತ್ತವೆ. ಬೀಳುವಾಗ ಮಾತ್ರ ಅವನಿಗೆ ನಗು ಬರುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಂಥ ಹುದ್ದೆಯಲ್ಲಿದ್ದೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ ಬಂದವನು. ಕೊಪ್ಪಳದಲ್ಲಿ ನನ್ನ ಕಚೇರಿ: ಒಂದು ಮೇಜು, ಎರಡು ಕುರ್ಚಿ, ಮೈಕು ಕಟ್ಟಿದ ಒಂದು ಜೀಪು. ಆ ಜೀಪಿನಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಸುತ್ತಿ ವಿಮೆ, ಕರೆಂಟು, ಠೇವಣಿ ಈ ಮೂರರ ಬಗ್ಗೆ ಜನರಿಗೆ ತಿಳುವಳಿಕೆ ಕೊಡಬೇಕು. ಜೀಪು ಓಡಿಸುವವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನನ್ನ ಮೇಲಿನ ಸಾಹೇಬರು ರಾಯಚೂರಿನಲ್ಲಿದ್ದರು. ಜನ ಎಲ್ಲ ಕಡೆ ಇದ್ದರು.

ಎಣ್ಣೆ ಹೀರುವ ಕಾಗದ

ಬೆಂಗಳೂರಿನಿಂದ ನಮಗೆ ಕಟ್ಟುಗಟ್ಟಲೆ ಕರಪತ್ರ ಬರುತ್ತಿತ್ತು. ಮೊದಲ ಸಾಲು ಹೀಗಿತ್ತು: 'ಗ್ರಾಹಕನು ತನ್ನ ಹಕ್ಕುಬಾಧ್ಯತೆಗಳನ್ನು ಕೂಲಂಕಷವಾಗಿ ಪರಾಮರ್ಶಿಸತಕ್ಕದ್ದು.'

ಚಾಚಾ ಒಂದು ಸಲ ಕೇಳಿದರು, "ಇದರ ಅರ್ಥ ಏನ್ರಿ ಸಾಹೇಬ್ರ?"

"ಜ್ವಾಕಿಯಿಂದ ಇರ್ರಿ ಅಂತ."

"ಅಷ್ಟು ಹೇಳಾಕ ಇಷ್ಟು ದೊಡ್ಡ ಕಾಗದಾ?"

ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾಡುವವನೊಬ್ಬ ನಮ್ಮ ಜೀಪು ಕಂಡರೆ ಓಡಿ ಬರುತ್ತಿದ್ದ. ಇಡೀ ತಾಲ್ಲೂಕಿನಲ್ಲಿ ನಮ್ಮ ಕರಪತ್ರವನ್ನು ಕೇಳಿ ಪಡೆಯುತ್ತಿದ್ದವನು ಅವನೊಬ್ಬನೇ. ನನಗೆ ಹೆಮ್ಮೆ ಎನಿಸಿ ಒಂದು ದಿನ ಕೇಳಿದೆ, "ಓದಿದ ಮ್ಯಾಲೆ ಹೆಂಗ ಅನಿಸ್ತು?"

"ಭಾಳ ಛಲೋ ಐತ್ರಿ. ಎಣ್ಣಿ ಹೀರ್ತೈತಿ. ಹೋದ ವರ್ಷ ಕುಟುಂಬ ಯೋಜನೆದು ಬಂದಿತ್ತಲ್ರಿ, ಅದು ಒಟ್ಟ ಹೀರ್ತಿದ್ದಿಲ್ಲ."

ಅಂದೇ ರಾಯಚೂರಿಗೆ ಬರೆದೆ: ಜನರಿಗೆ ಅರ್ಥವಾಗುವ ಮಾತಿನಲ್ಲಿ ಕರಪತ್ರವನ್ನು ನಾನೇ ಬರೆಯುತ್ತೇನೆ. ಅನುಮತಿ ಬಂತು. ಜಾನುವಾರು ವಿಮೆಯ ಬಗ್ಗೆ ಬರೆದ ಸಾಲು ನನಗೆ ಇಂದಿಗೂ ಬಾಯಿಪಾಠ: 'ಬಿಲ್ಲೆ ಹೋದರೆ ರೊಕ್ಕ ಹೋಯಿತು. ಬಿಲ್ಲೆ ಜೋಪಾನ.' ಚಾಚಾ ಓದಿಸಿ ಕೇಳಿ, "ಈಗ ತಿಳೀತು ನೋಡ್ರಿ" ಎಂದರು. ನನ್ನ ಬರವಣಿಗೆಗೆ ಸಿಕ್ಕ ಒಂದೇ ಮೆಚ್ಚುಗೆ ಅದು. ಆಮೇಲೆ ನಡೆದದ್ದೆಲ್ಲ ಆ ಸಾಲಿನಿಂದಲೇ.

ಮಂಗಳೂರಿನ ಸಭೆ

ಇದು ಸಮುದ್ರ ಇರುವ ಮಂಗಳೂರಲ್ಲ, ಯಲಬುರ್ಗಾ ಕಡೆಯ ಮಂಗಳೂರು. ಈ ಮಾತನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ಆದರೆ ಅಲ್ಲಿಗೆ ಹೋಗಿಬಂದ ನನ್ನ ಭತ್ಯೆಯ ಬಿಲ್ಲು, 'ಕರಾವಳಿ ಪ್ರವಾಸಕ್ಕೆ ಪೂರ್ವಾನುಮತಿ ಪಡೆದಿರುವಿರಾ?' ಎಂಬ ಪ್ರಶ್ನೆ ಹೊತ್ತು ಎರಡು ಸಲ ವಾಪಸು ಬಂದಿತ್ತು.

ಅಲ್ಲಿ ಪಂಚಾಯಿತಿ ಕಟ್ಟೆಯ ಮೇಲೆ ಸಭೆ. ಆಗ ಬ್ಯಾಂಕಿನ ಸಾಲದಲ್ಲಿ ಎಮ್ಮೆ ಕೊಡುತ್ತಿದ್ದರು. ಎಮ್ಮೆಗೆ ವಿಮೆ ಮಾಡಿಸಿ, ಕಿವಿಗೆ ನಂಬರಿನ ಒಂದು ಹಿತ್ತಾಳೆ ಬಿಲ್ಲೆ ಚುಚ್ಚುತ್ತಿದ್ದರು. ಎಮ್ಮೆ ಸತ್ತರೆ ಆ ಬಿಲ್ಲೆ ತೋರಿಸಿ ಪರಿಹಾರ ಪಡೆಯಬೇಕು. ಇಷ್ಟನ್ನು ನಾನು ಮೈಕಿನಲ್ಲಿ ಹೇಳಿ ಮುಗಿಸಿದಾಗ ಒಬ್ಬ ಹೆಂಗಸು ಎದ್ದು ನಿಂತಳು. ನಡುವಯಸ್ಸು. ಗಂಡ ಇರಲಿಲ್ಲ. ಇದ್ದ ಒಂದೇ ಎಮ್ಮೆಯ ಹಾಲನ್ನು ಮನೆಮನೆಗೆ ಹಾಕಿ ಬದುಕುತ್ತಿದ್ದಳು.

"ಸಾಹೇಬ್ರ, ಎಮ್ಮಿ ಸತ್ರ ರೊಕ್ಕ ಬರ್ತೈತಿ ಅಂದ್ರಿ. ಸಾಯಲಿಲ್ಲ ಅಂದ್ರ?"

"ಬರೂದಿಲ್ಲವಾ."

"ವರ್ಷಾ ವರ್ಷಾ ಕಟ್ಟಿದ್ದು?"

"ಅದು ಹೋತು."

"ಹಂಗಾದ್ರ ನಾ ದೇವ್ರಿಗೆ ಏನಂತ ಬೇಡ್ಕೊಳ್ಳಿ? ಇರಲಿ ಅಂತನೋ, ಹೋಗಲಿ ಅಂತನೋ?"

ಸಭೆ ನಕ್ಕಿತು. ಈ ಪ್ರಶ್ನೆಗೆ ನಮ್ಮ ಎಂ.ಎ.ದಲ್ಲಿ ಒಂದು ಇಡೀ ಅಧ್ಯಾಯ ಇತ್ತು. ಉತ್ತರ ಇರಲಿಲ್ಲ. ಹಾಗಾಗಿ ಗೊತ್ತಿದ್ದ ಸಾಲನ್ನೇ ಹೇಳಿದೆ: "ಬಿಲ್ಲೆ ಹೋದ್ರ ರೊಕ್ಕ ಹೋತು. ಬಿಲ್ಲೆ ಜ್ವಾಕಿ." ಮೂರು ಸಲ ಹೇಳಿದೆ. ಆಕೆ ಮೂರು ಸಲವೂ ಗೋಣು ಹಾಕಿದಳು.

ಮುಂದೆ ಆ ದಾರಿಯಲ್ಲಿ ಜೀಪು ಹೋದಾಗಲೆಲ್ಲ ಆಕೆ ಹಾಲಿನ ತಂಬಿಗೆ ಹಿಡಿದು ನಿಂತಲ್ಲಿಂದಲೇ ಕೂಗುತ್ತಿದ್ದಳು, "ಸಾಹೇಬ್ರ, ಬಿಲ್ಲಿ ಜ್ವಾಕಿ ಐತ್ರಿ." ನಾನು ಕೈ ಎತ್ತುತ್ತಿದ್ದೆ. ಒಂದು ಸಲ ಚಾಚಾ ಅಂದರು, "ಎಮ್ಮಿ ಹೆಂಗೈತಿ ಅಂತ ಒಮ್ಮೆರ ಕೇಳ್ರಲ್ಲ." ಅದು ನನ್ನ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಕಡಿಯಬೇಕಾದರೆ ಮೊದಲು ಹಚ್ಚಬೇಕು

ಆನೆಗೊಂದಿಯಲ್ಲಿ ಬಾಳೆ ಬೆಳೆಯುವ ಒಬ್ಬ ರೈತ ನಮ್ಮ ಸಭೆಗೆ ಒಂದು ಗಂಟು ರಸೀದಿ ತಂದ. ಎಲ್ಲ ಕರೆಂಟಿನ ಬಿಲ್ಲು ಕಟ್ಟಿದ ರಸೀದಿಗಳು.

"ಎರಡು ವರ್ಷ ಆತ್ರಿ, ಒಂದ್ ತಿಂಗಳಾನೂ ತಪ್ಪಿಸಿಲ್ಲ."

"ಛಲೋ ಆತು. ಮತ್ತೇನು ತೊಂದ್ರಿ?"

"ಮನ್ಯಾಗ ಕರೆಂಟ್ ಇಲ್ರಿ."

"ಯಾವಾಗಿಂದ?"

"ಹಚ್ಚೇ ಇಲ್ರಿ. ಕಂಬ ಐತಿ. ಬಲ್ಬೂ ತಂದು ತೂಗುಹಾಕೀನಿ. ನಡುವ ವಾಯರ್ ಇಲ್ಲ."

"ಮತ್ಯಾಕ ಕಟ್ಟಿದ್ರಿ?"

"ಕಟ್ಟಲಿಲ್ಲಂದ್ರ ಕರೆಂಟ್ ಕಡೀತಾರ ಅಂತ ನಿಮ್ಮ ಕಾಗದದಾಗ ಬರದೈತಲ್ರಿ."

ಇಂಥ ಕಡೆ ಗ್ರಾಹಕನಿಗೆ ಧೈರ್ಯ ತುಂಬಬೇಕು ಎಂದು ಇಲಾಖೆ ಹೇಳಿತ್ತು. ತುಂಬಿದೆ. ಬಿಲ್ಲು ಕಟ್ಟಬೇಡಿ, ಅರ್ಜಿ ಬರೆಯಿರಿ ಎಂದೆ. ಅವನು ಎರಡನ್ನೂ ಮಾಡಿದ. ಅರ್ಜಿಗೆ ಉತ್ತರ ಬರಲಿಲ್ಲ. ಮೂರನೆಯ ತಿಂಗಳು, ಬಾಕಿ ಇದ್ದ ಕಾರಣ ಕರೆಂಟು ಕಡಿಯಬೇಕು ಎಂಬ ಆದೇಶ ಹಿಡಿದು ಲೈನ್‌ಮನ್ ಬಂದ.

ಕಂಬ ಹತ್ತಿದ. ನೋಡಿದ. ಇಳಿದು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. "ಕಡಿದೆ ಅಂತ ರಿಪೋರ್ಟ್ ಬರೀಬೇಕು. ಕಡಿಲಾರದ ಕಡಿದೆ ಅಂತ ಬರದ್ರ ನನ್ನ ನೌಕರಿ ಹೋಗ್ತೈತಿ" ಅಂದ. ಪ್ರಾಮಾಣಿಕ ಮನುಷ್ಯ. ಸೈಕಲ್ಲಿಗೆ ಕಟ್ಟಿದ್ದ ವಾಯರ್ ಬಿಚ್ಚಿ ಕಂಬದಿಂದ ಮನೆಗೆ ಎಳೆದ. ಸರಿಯಾಗಿ ಹಚ್ಚಿದೆನೋ ಇಲ್ಲವೋ ಎಂದು ಸ್ವಿಚ್ ಒತ್ತಿ ನೋಡಿದ. ಎರಡು ವರ್ಷದಿಂದ ತೂಗುತ್ತಿದ್ದ ಬಲ್ಬು ಹತ್ತಿತು. ಮನೆಯ ಮುದುಕಿ ಅದಕ್ಕೆ ಕೈ ಮುಗಿದಳು. ಲೈನ್‌ಮನ್ ಅವರು ಕೊಟ್ಟ ಚಹಾ ಕುಡಿದು, ಕಂಬ ಹತ್ತಿ, ವಾಯರ್ ಕಡಿದು, ಸುತ್ತಿಕೊಂಡು ಹೋದ. ಮತ್ತೆ ಹಚ್ಚಬೇಕಾದರೆ ಬೇರೆ ಶುಲ್ಕ ಕಟ್ಟಬೇಕು ಎಂದು ಚೀಟಿ ಕೊಟ್ಟುಹೋದ.

ನಾನು ಮೋರೆ ಸಣ್ಣದು ಮಾಡಿಕೊಂಡು ಆ ಮನೆಗೆ ಹೋದೆ. ರೈತ ಬಾಳೆಹಣ್ಣು ಮುಂದಿಟ್ಟ.

"ನಿಮ್ಮಿಂದ ಅರ್ಧಾ ತಾಸು ಬೆಳಕು ನೋಡಿದ್ವಿರಿ ಸಾಹೇಬ್ರ. ಎರಡು ವರ್ಷ ರೊಕ್ಕ ಕಟ್ಟಿದಾಗ ಅದೂ ಬಂದಿದ್ದಿಲ್ಲ."

ಪುಕ್ಕಟೆ ಚಹಾ

ಕೊಪ್ಪಳದಲ್ಲಿ ಆಗ ಒಂದು ಠೇವಣಿ ಕಂಪನಿ ಬಂದಿತ್ತು. ಇಟ್ಟದ್ದು ಐದು ವರ್ಷಕ್ಕೆ ಮೂರು ಪಟ್ಟು ಎನ್ನುತ್ತಿದ್ದರು. ಜನರನ್ನು ಎಚ್ಚರಿಸಲು ರಾಯಚೂರಿನ ಸಾಹೇಬರೇ ಬರುವುದೆಂದಾಯಿತು. ಸಾಹೇಬರಿಗೆ ಫ್ಯಾನು ಬೇಕು. ಫ್ಯಾನು ಇದ್ದ, ಬಾಡಿಗೆ ಕೇಳದ ಸಭಾಂಗಣ ಊರಲ್ಲಿ ಒಂದೇ ಇತ್ತು. ಅದು ಆ ಕಂಪನಿಯದು.

ಯಾವ ಸಂಸ್ಥೆಯ ಹೆಸರನ್ನೂ ಎತ್ತಕೂಡದು ಎಂದು ನಿಯಮ. ಸಾಹೇಬರು ಒಂದು ತಾಸು 'ಕೆಲವು ಸಂಸ್ಥೆಗಳು' ಎಂದು ಮಾತಾಡಿದರು. ಪಕ್ಕದಲ್ಲಿ ಕೂತ ಕಂಪನಿಯ ಮ್ಯಾನೇಜರ್ ಪ್ರತಿ ಮಾತಿಗೂ ಗಂಭೀರವಾಗಿ ತಲೆ ಅಲ್ಲಾಡಿಸಿದ. ಕೊನೆಗೆ ಅವನೇ ಸಾಹೇಬರಿಗೆ ಹಾರ ಹಾಕಿ, ಸಭೆಗೆಲ್ಲ ಚಹಾ ಕೊಡಿಸಿದ. ಮರುದಿನ ಕಂಪನಿಯ ಬಾಗಿಲಲ್ಲಿ ಠೇವಣಿ ಇಡುವವರ ಪಾಳಿ ನಿಂತಿತ್ತು.

ವರ್ಷ ತುಂಬುವುದರೊಳಗೆ ಸಭಾಂಗಣಕ್ಕೆ ಬೀಗ ಬಿತ್ತು. ಫ್ಯಾನುಗಳೂ ಹೋಗಿದ್ದವು. ಜನ ನಮ್ಮ ಕಚೇರಿಗೆ ಬಂದರು. "ಸರಕಾರದ ಸಾಹೇಬ್ರ ಅವನ ಬಾಜೂ ಕುಂತು ಚಾ ಕುಡದಾರ. ಅದಕ್ಕ ನಂಬಿದ್ವಿ" ಅಂದರು. ತಪ್ಪೇನಿರಲಿಲ್ಲ. ಸಾಹೇಬರೂ ಅದನ್ನೇ ನಂಬಿದ್ದರೆಂದು ಕಾಣುತ್ತದೆ. ಅವರ ದುಡ್ಡೂ ಅಲ್ಲೇ ಇತ್ತಂತೆ.

ಚಾಚಾ ಮಾತ್ರ ಸಭೆಯ ಮರುದಿನವೇ ಅಲ್ಲಿಟ್ಟ ತಮ್ಮ ದುಡ್ಡನ್ನು ಬಿಡಿಸಿಕೊಂಡಿದ್ದರು. ಅಂತೂ ಒಬ್ಬರಾದರೂ ಎಚ್ಚರಗೊಂಡರಲ್ಲ ಎಂದು ಕೇಳಿದೆ, "ಭಾಷಣದಾಗ ಯಾವ ಮಾತಿಗೆ ತಿಳೀತು ಚಾಚಾ?"

"ಭಾಷಣ ಯಾರು ಕೇಳಿದ್ರಿ? ಪುಕ್ಕಟೆ ಚಾ ಜೊತಿ ಖಾರಾ ಸೇವೂ ಕೊಟ್ಟರಲ್ಲ, ಆವಾಗ ಖಬರ್ ಆತು."

ಜಗಲಿಯ ಮೇಲಿನ ಬಿಲ್ಲೆ

ಆ ಗದ್ದಲ ಇನ್ನೂ ಇಳಿದಿರಲಿಲ್ಲ. ಒಂದು ಮುಂಜಾನೆ ಮಂಗಳೂರಿನ ಹೆಂಗಸು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಎಮ್ಮೆ ಹೊಟ್ಟೆ ಉಬ್ಬಿ ಸತ್ತು ನಾಲ್ಕು ದಿನವಾಗಿತ್ತು.

"ಬಿಲ್ಲಿ ತಂದೀನ್ರಿ" ಅಂದಳು.

ವಿಮೆಯವರ ಕಚೇರಿ ನಮ್ಮ ಮೇಲಿನ ಮಹಡಿಯಲ್ಲೇ ಇತ್ತು. ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಅಧಿಕಾರಿ ದಕ್ಷಿಣದ ಕಡೆಯವರು, ಲಂಚ ಮುಟ್ಟದವರು. ನಿಯಮ ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಆಕೆ ಸೆರಗಿನ ಗಂಟು ಬಿಚ್ಚಿ, ಅರಿಷಿಣದ ಬಟ್ಟೆಯ ಒಳಗಿಂದ ಬಿಲ್ಲೆ ತೆಗೆದಿಟ್ಟಳು. ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ನಡುವೆ ದಪ್ಪಗೆ ಕುಂಕುಮ.

ಅಧಿಕಾರಿ ಕುಂಕುಮ ಕೆರೆದು ನಂಬರು ಓದಿದರು. ಕಡತಕ್ಕೆ ಹೊಂದಿತು. ಆಮೇಲೆ ಕೇಳಿದರು, "ಕಿವಿ ಎಲ್ಲಿ?"

"ಯಾರ ಕಿವಿರಿ?"

"ಎಮ್ಮೆದು. ಬಿಲ್ಲೆ ಕಿವಿಯಲ್ಲೇ ಇರಬೇಕು. ಸತ್ತ ಮೇಲೆ ಕಿವಿ ಕೊಯ್ದು ಬಿಲ್ಲೆ ಸಮೇತ ತರಬೇಕು."

"ಕಿವಿ ಎಮ್ಮಿ ಕೂಡ ಮಣ್ಣಾಗ ಹೋತ್ರಿ. ಎರಡು ಸೂಲು ಹಾಲು ಕೊಟ್ಟೈತಿ, ಅದರ ಕಿವಿ ಹೆಂಗ ಕೊಯ್ಲಿ?"

"ಮತ್ತೆ ಬಿಲ್ಲೆ ಹೇಗೆ ಬಂತು?"

"ಅದನ್ನ ಎಂದೋ ಬಿಚ್ಚಿಸಿದ್ನಿರಿ. ಎಮ್ಮಿ ಕಿವಿ ಗ್ವಾಡಿಗೆ ತಿಕ್ಕತಿತ್ತು. ಬಿಲ್ಲಿ ಹೋದ್ರ ರೊಕ್ಕ ಹೋತು ಅಂತ ಈ ಸಾಹೇಬ್ರ ಮೂರು ಸಲ ಹೇಳ್ಯಾರ. ಅಂಥಾ ಒಡವಿ ಎಮ್ಮಿ ಕಿವ್ಯಾಗ ಯಾರರ ಬಿಡ್ತಾರೇನ್ರಿ? ಸಭಾ ಆದ ಮರದಿನಾನ ಕಮ್ಮಾರನ ಕೈಲೆ ಬಿಚ್ಚಿಸಿ ದೇವರ ಜಗಲಿ ಮ್ಯಾಲ ಇಟ್ಟೆ. ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚೀನಿ."

ಮನೆಯಲ್ಲಿ ಬೆಲೆಬಾಳುವುದು ಏನಿದ್ದರೂ ದೇವರ ಜಗಲಿಯ ಮೇಲೋ ಟ್ರಂಕಿನಲ್ಲೋ ಇಡುವ ಜನ. ಎಮ್ಮೆಯ ಕಿವಿಯನ್ನು ಖಜಾನೆ ಮಾಡಿದ್ದು ಸರಕಾರ. ಆ ಒಂದು ಮಾತನ್ನು ನಾನು ಬರೆದಿರಲಿಲ್ಲ. 'ಕಿವಿಯಿಂದ ತೆಗೆಯಬೇಡಿ' ಎಂದು ಸೇರಿಸಿದ್ದರೆ ಸಾಲು ಉದ್ದವಾಗುತ್ತಿತ್ತು.

ಅಧಿಕಾರಿ ಬೇಸರದಿಂದಲೇ ಹೇಳಿದರು, "ಬಿಲ್ಲೆ ನಿಮ್ಮ ಎಮ್ಮೆಯದೇ. ಆದರೆ ಸತ್ತದ್ದು ಅದೇ ಎಮ್ಮೆ ಎನ್ನುವುದಕ್ಕೆ ಪುರಾವೆ ಇಲ್ಲವಲ್ಲಮ್ಮ."

"ನನ್ನ ಹಂತ್ಯಾಕ ಇದ್ದದ್ದು ಒಂದ ಎಮ್ಮಿರಿ."

ಅದನ್ನೂ ಅವರು ಬರೆದುಕೊಂಡರು. ಪುರಾವೆ ಎಂದಲ್ಲ, ಹೇಳಿಕೆ ಎಂದು.

ನಾನು ವಿಮೆಯವರ ಮೇಲಿನ ಕಚೇರಿಗೆ ಪತ್ರ ಬರೆದೆ: ತಪ್ಪು ಈ ಹೆಂಗಸಿನದಲ್ಲ, ನನ್ನ ಕರಪತ್ರದ್ದು. 'ನಿಮ್ಮ ಕರಪತ್ರಕ್ಕೆ ನಾವು ವಿಮೆ ಇಳಿಸಿಲ್ಲ' ಎಂಬ ಅರ್ಥದ ಉತ್ತರ ಬಂತು. ಪತ್ರದ ಪ್ರತಿ ರಾಯಚೂರಿಗೂ ಹೋಗಿತ್ತು. ಅಲ್ಲಿಂದ ನನಗೆ ನೋಟೀಸು. ತಪ್ಪು ಮಾಡಿದ್ದಕ್ಕಲ್ಲ, ತಪ್ಪಾಯಿತೆಂದು ಬರಹದಲ್ಲಿ ಒಪ್ಪಿದ್ದಕ್ಕೆ.

ಒಂದು ತಂಬಿಗೆ

ಅರ್ಧ ವರ್ಷ ಕಳೆದಿರಬೇಕು. ಆಕೆ ಮತ್ತೆ ಬಂದಳು. ಒಂದು ಕೈಯಲ್ಲಿ ವಿಮೆಯವರ ಕಾಗದ, ಇನ್ನೊಂದು ಕೈಯಲ್ಲಿ ಹಾಲು ಹಾಕುತ್ತಿದ್ದ ಅಲ್ಯುಮಿನಿಯಂ ತಂಬಿಗೆ.

ಕಾಗದ ಓದಿದೆ. ಎಮ್ಮೆಯ ವಿಮೆಯ ಅವಧಿ ಮುಗಿಯುತ್ತ ಬಂದಿದೆ, ಕೂಡಲೇ ಕಂತು ಕಟ್ಟಿ ನವೀಕರಿಸಿಕೊಳ್ಳಿ ಎಂದು ಬರೆದಿದ್ದರು. ಎಮ್ಮೆ ಸತ್ತದ್ದಕ್ಕೆ ಪುರಾವೆ ಸಿಕ್ಕಿರಲಿಲ್ಲ. ಸಾಯದ ಎಮ್ಮೆ ಬದುಕಿರಲೇಬೇಕಲ್ಲ.

ಆಕೆ ನನ್ನೊಡನೆ ವಾದ ಮಾಡಲಿಲ್ಲ. ನೆಟ್ಟಗೆ ಮಹಡಿ ಹತ್ತಿದಳು. ಹಿಂದೆಯೇ ನಾನೂ ಹೋದೆ. ಅಧಿಕಾರಿಯ ಮೇಜಿನ ಮೇಲೆ ತಂಬಿಗೆ ಇಟ್ಟು ಅಂದಳು:

"ಎಮ್ಮಿ ಜೀವಂತ ಐತಿ ಅಂತ ಕಾಗದ ಬಂದೈತ್ರಿ. ಭಾಳ ಛಲೋ ಆತು. ಎಲ್ಲಿ ಕಟ್ಟೀರಿ ತೋರಸ್ರಿ, ಹಾಲು ಹಿಂಡೂ ಹೊತ್ತಾತು."

ಅಧಿಕಾರಿ ಕಡತ ತರಿಸಿ, ಪುಟ ತಿರುವಿ, ಕನ್ನಡಕ ಏರಿಸಿ ಕೇಳಿದರು, "ಎಮ್ಮೆ ಈಗ ಹಾಲು ಕೊಡುತ್ತಿದೆ ಎನ್ನುವುದಕ್ಕೆ ಡಾಕ್ಟರ ಸರ್ಟಿಫಿಕೇಟು ತಂದಿದ್ದೀರಾ?"

ಆಕೆ ನಮ್ಮಿಬ್ಬರನ್ನೂ ನೋಡಿದಳು. "ನೀವ ಹಿಂಡಿ ಕಳಸ್ರಿ" ಎಂದು ತಂಬಿಗೆ ಅಲ್ಲೇ ಬಿಟ್ಟು ಇಳಿದು ಹೋದಳು. ಪರಿಹಾರ ಎಂದೂ ಬರಲಿಲ್ಲ. ಮುಂದೆ ಆ ದಾರಿಯಲ್ಲಿ ನಮ್ಮ ಜೀಪು ಹೋದಾಗ ಯಾರೂ ಕೂಗಲಿಲ್ಲ. ಚಾಚಾ ಮಾತ್ರ ಅಲ್ಲಿ ಸುಮ್ಮನೆ ಗಾಡಿ ನಿಧಾನ ಮಾಡುತ್ತಿದ್ದರು.

ಅಂದು ಸಂಜೆಯೇ ವಿಮೆಯವರು ತಂಬಿಗೆಯನ್ನು ಕೆಳಗೆ ಕಳಿಸಿದ್ದರು. ಜೊತೆಗೊಂದು ಚೀಟಿ: 'ನಿಮ್ಮ ಇಲಾಖೆಗೆ ಸಂಬಂಧಿಸಿದ್ದು.' ಮೂರು ವರ್ಷ ಅದು ನನ್ನ ಮೇಜಿನ ಮೇಲಿತ್ತು. ಎರಡು ಸಲ ಮಂಗಳೂರಿಗೆ ಒಯ್ದೆ. ಎರಡು ಸಲವೂ ಆಕೆ ಒಳಗೆ ಇಣುಕಿ, "ಖಾಲಿ ಐತಲ್ರಿ" ಎಂದು ತಿರುಗಿ ಕೊಟ್ಟಳು.

ವರ್ಗವಾದಾಗ ಚಾರ್ಜು ಒಪ್ಪಿಸುವ ಪಟ್ಟಿಯಲ್ಲಿ ಅದನ್ನೂ ಬರೆದೆ. ಮೇಜು ಒಂದು. ಕುರ್ಚಿ ಎರಡು. ಮೈಕು ಒಂದು, ಕೆಟ್ಟಿದೆ. ತಂಬಿಗೆ ಒಂದು, ಹಾಲು ಬರುವುದು ಬಾಕಿ ಇದೆ.

ನನ್ನ ಜಾಗಕ್ಕೆ ಬಂದವನು ಪಟ್ಟಿಯನ್ನು ಓದದೆ ಸಹಿ ಹಾಕಿದ. ಆಮೇಲೆ ಹೊಸ ಕರಪತ್ರದ ಕಟ್ಟು ಬಿಚ್ಚಿದ. ಮೊದಲ ಸಾಲು: 'ಯಾವುದೇ ಕಾಗದವನ್ನು ಓದದೆ ಸಹಿ ಹಾಕಬೇಡಿ.'