ಅಪ್ಪ ಹೇಳಿಕೊಟ್ಟ ಕೃಪೆಯ ಪಾಠ

ನಮ್ಮ ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಕೂತು ಏನೂ ಎಡವಟ್ಟಾಗದೆ ಎದ್ದ ದಿನವೇ ಇಲ್ಲ. ಅದರಲ್ಲೂ ನಾನು ದೇವರ ಕೃಪೆಯ ವಿಷಯ ತೆಗೆದೆನೆಂದರೆ ಅವತ್ತಿನ ಕಥೆ ಮುಗಿದ ಹಾಗೇ.

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ನಾನು ಗೊಂಬೆ ಕಾರ್ಖಾನೆಯಲ್ಲಿ ಲೇತ್ ಮುಂದೆ ಕೂತು ಮರದ ಬುಗುರಿ, ಗಿಲಕಿ ಮಾಡಿ ಅರಗಿನ ಬಣ್ಣ ಹಚ್ಚುವವನು. ಮಕ್ಕಳಿಗೆ ದೇವರ ವಿಷಯ ಹೇಳುವುದು ಹೆಂಡತಿಯ ಕೆಲಸವಾಗಿತ್ತು. ಅವಳು ಪ್ರಾರ್ಥನೆ ಮಾಡುವಾಗ ನಾನು ಗೋಡೆಗೊರಗಿ ನಿದ್ದೆ ಮಾಡುತ್ತಿದ್ದೆ. ಎಲ್ಲರ ಕಣ್ಣೂ ಮುಚ್ಚಿರುತ್ತಿದ್ದುದರಿಂದ ನನ್ನ ಭಕ್ತಿಯ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ.

ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಆಸ್ಪತ್ರೆಯಲ್ಲಿ ಕೇಳಿದ್ದು ಒಂದೇ ಮಾತು. "ಸಂಜೆ ಪ್ರಾರ್ಥನೆ ನಿಲ್ಲಿಸ್ಬ್ಯಾಡಿ. ನಮ್ಮ ಯೋಗ್ಯತೆ ನೋಡ್ದೆ ದೇವ್ರು ಪ್ರೀತಿಸ್ತಾನೆ ಅನ್ನದೊಂದು ಮಕ್ಕಳ ತಲೆಗೆ ಹೋಗ್ಲಿ, ಸಾಕು." ನಾನು ಹೂಂ ಅಂದೆ. ಈಗ ಹತ್ತು ವರ್ಷದ ದೊಡ್ಡವಳು, ಆರು ವರ್ಷದ ಚಿಕ್ಕವಳು, ಎದುರಿಗೆ ಏನೂ ಬಾರದ ಮೇಷ್ಟ್ರು ನಾನು. ಅವರಮ್ಮ ಕೂರುತ್ತಿದ್ದ ಚಾಪೆಯ ಮೂಲೆಯಲ್ಲಿ ನಾವು ಮೂವರೂ ಕೂರುವುದಿಲ್ಲ. ಹಾಗಂತ ಯಾರೂ ಮಾತಾಡಿಕೊಂಡಿಲ್ಲ.

ಮುಗಿಯದ ಪ್ರಾರ್ಥನೆ

ಮೊದಲ ಸಂಜೆ ಒಲೆಯ ಮೇಲೆ ಅನ್ನಕ್ಕಿಟ್ಟು ಪ್ರಾರ್ಥನೆಗೆ ಕೂತೆ. ಶುರು ಮಾಡುವುದು ಹೇಗೋ ಬಂತು. ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ. ಮಕ್ಕಳಿಗಾಗಿ ಬೇಡಿದೆ, ಬೀದಿಗಾಗಿ ಬೇಡಿದೆ, ಕಾರ್ಖಾನೆಯ ಸಾಹೇಬರಿಗಾಗಿ, ಅವರ ಮಂಡಿನೋವಿಗಾಗಿ, ಲೇತಿನ ಬೆಲ್ಟಿಗಾಗಿ, ಕರೆಂಟಿನವರಿಗೆ ಒಳ್ಳೆಯ ಬುದ್ಧಿ ಬರಲೆಂದು, ಹೊಂಗನೂರಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವವರಿಗಾಗಿಯೂ ಬೇಡಿದೆ. ಸುಮ್ಮನಾದರೆ ಮನೆ ಪೂರ್ತಿ ಸುಮ್ಮನಾಗಿಬಿಡುತ್ತದಲ್ಲ ಎಂಬ ಹೆದರಿಕೆಯೂ ಒಳಗೆ ಇತ್ತೆಂದು ಕಾಣುತ್ತದೆ. ಚಿಕ್ಕವಳು ಎದ್ದು ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು. ನಾನು ಕಣ್ಣು ತೆರೆಯದೆ ಕುಡಿದು, ನೀರು ಕೊಟ್ಟ ದೇವರಿಗೂ ವಂದನೆ ಹೇಳಿ ಮುಂದುವರಿಸಿದೆ.

ಕೊನೆಗೆ ದೊಡ್ಡವಳು ನನ್ನ ಮಂಡಿ ಹಿಡಿದು ಅಲ್ಲಾಡಿಸಿದಳು. "ಅಪ್ಪಾ, ಆಮೆನ್ ಅಂದ್ಬುಡು. ಅನ್ನ ಸೀದೋಯ್ತಾ ಐತೆ."

ಕರಕಲು ವಾಸನೆ ಬೀದಿಯ ತನಕ ಹೋಗಿತ್ತು. ತಟ್ಟೆ ಮುಂದೆ ಕೂತಾಗ ಊಟದ ಪ್ರಾರ್ಥನೆ ಚಿಕ್ಕವಳದು. "ಸ್ವಾಮೀ, ಈ ಅನ್ನಕ್ಕೆ ಸ್ತೋತ್ರ. ನಾಳೆ ಅಪ್ಪ ಒಸಿ ಬೇಗ ಮುಗಿಸ್ಲಿ. ಆಮೆನ್."

ಮಣಿಸರ

ಮಾತಿನಲ್ಲಿ ಹೇಳಲು ಬಾರದವನು ಕೈಯಲ್ಲಿ ಬಂದದ್ದನ್ನು ಮಾಡುತ್ತಾನೆ. ಲೇತಿನಲ್ಲಿ ಇಪ್ಪತ್ತು ಕೆಂಪು ಮಣಿ, ಇಪ್ಪತ್ತು ಹಳದಿ ಮಣಿ ಮಾಡಿ, ಎರಡು ದಾರಕ್ಕೆ ಪೋಣಿಸಿ, ಕಿಟಕಿಗೆ ಅಡ್ಡಡ್ಡ ಕಟ್ಟಿದೆ. ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಮಣಿ ಆಚೆಗೆ ತಳ್ಳಬೇಕು. ಕೆಂಪು ದೊಡ್ಡವಳದು, ಹಳದಿ ಚಿಕ್ಕವಳದು.

ಮಾರನೆಯ ಸಂಜೆಯ ಹೊತ್ತಿಗೆ ಎದುರುಮನೆ ಅಜ್ಜಿಯ ತುಳಸಿಗಿಡಕ್ಕೆ ಚಿಕ್ಕವಳು ಒಂಬತ್ತು ಸಲ ನೀರು ಹಾಕಿದ್ದಳು. ಗಿಡ ತೇಲುತ್ತಿತ್ತು. ಅದರ ಮಾರನೆಯ ಬೆಳಿಗ್ಗೆ ಹಳದಿ ಮಣಿಗಳೆಲ್ಲ ಆಚೆ ಬದಿಗೆ ಹೋಗಿದ್ದವು.

"ಇಷ್ಟೊತ್ಗೇ ಉಳ್ದ ಹನ್ನೊಂದು ಒಳ್ಳೆ ಕೆಲ್ಸ ಎಲ್ಲಿ ಮಾಡ್ದೆ?" ಎಂದು ಕೇಳಿದೆ.

"ಅಕ್ಕನ ತಪ್ಪೆಲ್ಲ ಕ್ಷಮಿಸ್ಬುಟ್ಟೆ."

ದೊಡ್ಡವಳು ಜಡೆ ಅರ್ಧಕ್ಕೆ ಬಿಟ್ಟು ಓಡಿಬಂದಳು. "ನಾನೇನೇ ತಪ್ಪು ಮಾಡಿದೀನಿ?"

"ಇನ್ಮೇಲೆ ಮಾಡ್ತೀಯಲ್ಲ, ಅದ್ಕೆ. ಈಗ್ಲೇ ಕ್ಷಮಿಸಿ ಮಡಗಿವ್ನಿ."

ಆ ತಿಂಗಳು ರಾಮನಗರದಿಂದ ಅಯ್ಯನವರು, ಅಂದರೆ ನಮ್ಮ ಸಭೆಯ ಪಾದ್ರಿಗಳು, ಮನೆಗೆ ಬಂದರು. ನಾನು ಹೆಮ್ಮೆಯಿಂದ ಕಿಟಕಿ ತೋರಿಸಿ, ಹಳದಿ ಮಣಿಗಳ ಕಥೆಯನ್ನೂ ಹೇಳಿ, "ಮಕ್ಕಳಿಗೆ ಕೃಪೆ ಕಲಿಸ್ತಾ ಇದೀನಿ ಅಯ್ಯನವ್ರೇ" ಅಂದೆ. ಅವರು ಮಣಿಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ನೋಡಿದರು. "ಇದು ಹಾಜರಿ ಪುಸ್ತಕ ಕಣಪ್ಪ. ಕೃಪೆ ಕಲಿತಿರೋಳು ನಿನ್ನ ಚಿಕ್ಕ ಮಗಳೊಬ್ಳೇ, ಅವಳು ಅವತ್ತು ಬೆಳಿಗ್ಗೇನೇ ಪರೀಕ್ಷೆ ಪಾಸ್ ಮಾಡಿ ಮುಗಿಸವ್ಳೆ" ಅಂದರು.

ಮೈಸೂರ್ ಪಾಕ್

ಮಣಿ ಬಿಚ್ಚಿ ಹಾಕಿದ ಮೇಲೆ ಉದಾಹರಣೆಯ ಮೂಲಕ ಕಲಿಸೋಣ ಅನ್ನಿಸಿತು. ಮನೆಗೆ ತಂದಿದ್ದ ಬಣ್ಣದ ಬುಗುರಿಯೊಂದನ್ನು ಚಿಕ್ಕವಳು ಆಟವಾಡುತ್ತಾ ಸೀಳಿಬಿಟ್ಟಳು. ಸಾಹೇಬರಿಗೆ ಕೊಡಬೇಕಾದ ಮಾದರಿ ಅದು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ತಡೆದುಕೊಂಡು ಅವಳ ಕೈಗೆ ಒಂದು ಮೈಸೂರ್ ಪಾಕ್ ಇಟ್ಟೆ.

"ನಿಂಗೆ ಏಟು ಬೀಳ್ಬೇಕಿತ್ತು. ಬಿದ್ದಿದ್ದು ಸಿಹಿ. ಇದೇ ಕೃಪೆ. ಗೊತ್ತಾಯ್ತಾ?"

ಅವಳು ಬಹಳ ಗಂಭೀರವಾಗಿ ತಲೆಯಾಡಿಸಿದಳು. ಪಾಠ ನಾಟಿತು ಅಂತ ನನ್ನ ಕಣ್ಣು ತುಂಬಿ ಬಂತು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಬೇಕಾದವಳು ಇರಲಿಲ್ಲ.

ಮಾರನೆಯ ದಿನ ಕೆಲಸ ಮುಗಿಸಿ ಬಂದರೆ ಬಾಗಿಲಲ್ಲೇ ಚಿಕ್ಕವಳು ನಿಂತಿದ್ದಳು. ಒಂದು ಕೈಯಲ್ಲಿ ಸಾಹೇಬರದೇ ಇನ್ನೊಂದು ಮಾದರಿ, ಕತ್ತು ಮುರಿದ ಮರದ ಕುದುರೆ. ಇನ್ನೊಂದು ಕೈ ಮುಂದಕ್ಕೆ ಚಾಚಿತ್ತು. "ಅಪ್ಪಾ, ಕೃಪೆ ಕೊಡು."

ಸಾಹೇಬರಿಗೆ ಬುಗುರಿ, ಕುದುರೆ ಎರಡರ ಕಥೆಯನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವರು ನಕ್ಕು ನಕ್ಕು ಮಂಡಿ ಹಿಡಿದುಕೊಂಡರು. "ನಾಳೆಯಿಂದ ಆ ಮಗೂಗೆ ಸಿಹಿ ನಾನೇ ಕಳಿಸ್ತೀನಿ ಭಾಯ್. ನೀನು ಮಾತ್ರ ಪಾಠ ನಿಲ್ಸು, ಇಲ್ಲಾಂದ್ರೆ ನನ್ನ ಕಾರ್ಖಾನೆ ಉಳಿಯಲ್ಲ."

ಮಂಚದ ಕೆಳಗಿನ ಪಾತ್ರೆಗಳು

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ.

ಹೆಂಡತಿ ಹೋದ ಹೊಸದರಲ್ಲಿ ಇಡೀ ಬೀದಿ ನಮಗೆ ಅಡುಗೆ ಕಳಿಸಿತು. ಎದುರುಮನೆ ಅಜ್ಜಿಯಿಂದ ಡಬರಿ ತುಂಬ ಅವರೆಕಾಳು ಸಾರು, ಪಕ್ಕದ ಮನೆಯಿಂದ ಮುದ್ದೆ ಉಪ್ಸಾರು, ಮೂಲೆಮನೆಯಿಂದ ಕ್ಯಾರಿಯರಿನಲ್ಲಿ ಬಿರಿಯಾನಿ. ನಮ್ಮ ಕಡೆ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಆದರೆ ಅಷ್ಟು ಪ್ರೀತಿಯಿಂದ ಬಂದ ಸಾರಿಗೆ ಬರೀ ಸಕ್ಕರೆ ಹಾಕಿ ಕೊಡಲು ನನಗೆ ಮನಸ್ಸಾಗಲಿಲ್ಲ. ಏನಾದರೂ ಚೆನ್ನಾಗಿ ಮಾಡಿ ಕೊಡೋಣ ಎಂದುಕೊಂಡು, ಪಾತ್ರೆಗಳನ್ನು ತೊಳೆದು ಮಂಚದ ಕೆಳಗೆ ಇಟ್ಟೆ. ಒಂದು ಭಾನುವಾರ ಕಜ್ಜಾಯ ಮಾಡಿದೆ. ಅವನ್ನು ಲೇತಿಗೆ ಕೊಟ್ಟು ಬಣ್ಣ ಹಚ್ಚಬಹುದಿತ್ತು, ತಿನ್ನುವ ಹಾಗಿರಲಿಲ್ಲ. ತಡವಾದಷ್ಟೂ ನಾಚಿಕೆ ಹೆಚ್ಚಾಯಿತು. ಪಾತ್ರೆಗಳೂ ಹೆಚ್ಚಾದವು.

ಆಮೇಲೆ ಅಡುಗೆ ಬರುವುದು ನಿಂತಿತು. ಮೊದಲು ಒಂದು ಮನೆಯಿಂದ, ಆಮೇಲೆ ಎಲ್ಲ ಮನೆಗಳಿಂದ. ಜನ ಎಷ್ಟು ದಿನ ಅಂತ ನೆನಪಿಟ್ಟುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಖ ತೋರಿಸಲಾಗದೆ ಹಿಂದಿನ ಗಲ್ಲಿಯಿಂದ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಂದು ಬಾಗಿಲು ಹಾಕಿಕೊಂಡರೆ ಯಾರೂ ತಟ್ಟುತ್ತಿರಲಿಲ್ಲ. ಇಷ್ಟು ಜನರ ನಡುವೆ ಮೂರು ಜನ ಒಂಟಿಯಾಗಿ ಬದುಕುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಮಕ್ಕಳಿಗೆ ಹೇಳಿದೆ. "ಕೃಪೆ ಅಂದ್ರೆ ನಾವು ತೀರ್ಸಕ್ಕೆ ಆಗ್ದೇ ಇರೋದು. ವಾಪಸ್ ಏನೂ ಕೊಡಕ್ಕಾಗಲ್ಲ. ಸುಮ್ನೆ ಈಸ್ಕೊಂಡು ಸಂತೋಷ ಪಡ್ಬೇಕು."

"ಹಂಗಾರೆ ಮಂಚದ ಕೆಳಗಿರೋ ಪಾತ್ರೆಗಳು?" ಅಂದಳು ಚಿಕ್ಕವಳು.

"ಅದು ಬ್ಯಾರೆ. ಖಾಲಿ ಕೊಡಬಾರ್ದು ಮಗ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಆಮೆನ್ ಹೇಳಿ ಎದ್ದೆ.

ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಮಂಚದ ಕೆಳಗೆ ಒಂದು ಚಮಚವೂ ಇರಲಿಲ್ಲ. ಅಕ್ಕತಂಗಿ ಸೇರಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಬೀದಿಯುದ್ದಕ್ಕೂ ದಡಬಡ ಎಳೆದುಕೊಂಡು ಹೋಗಿ, ಮನೆಮನೆಗೂ ಹಂಚಿ ಬಂದಿದ್ದರು.

"ಏನಂತ ಹೇಳಿ ಕೊಟ್ರೇ?" ಮಂಚದ ಕೆಳಗೆ ಬಗ್ಗಿದ್ದಲ್ಲಿಂದಲೇ ಕೇಳಿದೆ.

"ನಮ್ಮಪ್ಪಂಗೆ ಏನೂ ಮಾಡಕ್ಕೆ ಬರಲ್ಲ. ಇದ್ರಲ್ಲಿ ಏನೂ ಇಲ್ಲ. ಇದು ಕೃಪೆ, ಸಂತೋಷವಾಗಿ ಈಸ್ಕಳಿ ಅಂತ."

ನಾನು ಬಾಗಿಲು ಹಾಕಿ, ಚಿಲಕ ಹಾಕಿ, ಒಳಗೆ ಕೂತೆ. ಇನ್ನು ಈ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ ಅನ್ನಿಸಿತು. ಮನೆ ಬದಲಾಯಿಸುವುದಾದರೆ ಕನಕಪುರವೋ ಮಾಗಡಿಯೋ ಎಂದು ಯೋಚಿಸುತ್ತಿದ್ದಾಗಲೇ ಯಾರೋ ಬಾಗಿಲು ಬಡಿದರು. ತೆರೆದೆ. ಎದುರುಮನೆ ಅಜ್ಜಿ ನಿಂತಿದ್ದರು. ಸೆರಗಿನಲ್ಲಿ ಹಿಡಿದ ಡಬರಿಯಿಂದ ಬಿಸಿ ಅವರೆಕಾಳು ಸಾರಿನ ಹಬೆ ಏಳುತ್ತಿತ್ತು. ಅವರ ಹಿಂದೆ ಪಕ್ಕದ ಮನೆಯಾಕೆ, ಅವರ ಹಿಂದೆ ಕ್ಯಾರಿಯರ್ ಹಿಡಿದ ಮೂಲೆಮನೆಯವರು.

"ಅಜ್ಜೀ," ಅಂದೆ. ಎಷ್ಟೋ ದಿನದಿಂದ ಎದೆಯಲ್ಲಿದ್ದದ್ದು ಹಾಗೇ ಬಾಯಿಗೆ ಬಂತು. "ನೀವೆಲ್ಲ ನಮ್ಮನ್ನ ಮರ್ತ್ಬುಟ್ರಿ ಅನ್ಕೊಂಡಿದ್ದೆ."

"ಯಾವನ್ಲಾ ಮರೆತೋನು?" ಅಜ್ಜಿಗೆ ರೇಗಿತು. "ಬೀದಿ ಪಾತ್ರೆನೆಲ್ಲ ನಿನ್ನ ಮಂಚದ ಕೆಳಗೆ ಮಡಿಕ್ಕೊಂಡು ಕುಂತಿದ್ರೆ ಯಾತ್ರಲ್ಲಪ್ಪ ಕಳ್ಸದು? ಬೊಗಸೇಲಾ? ಡಬರಿ ಸೊಸೆನೇ ಕಳ್ದವ್ಳೆ ಅಂತ ನಾನು ಅವಳ ತಾವ ಮಾತು ಬುಟ್ಟು ಎಂಟು ತಿಂಗ್ಳಾಯ್ತು."

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಕಣ್ಣೊರೆಸಿಕೊಂಡು ಡಬರಿಗೆ ಕೈ ಚಾಚಿದೆ. ಅಜ್ಜಿ ಬಿಡಲಿಲ್ಲ. ಡಬರಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ಹೊಸಿಲ ಮೇಲೇ ಗಟ್ಟಿಯಾಗಿ ನಿಂತರು.

"ನಿನ್ನ ಪಾತ್ರೆ ತಗಂಬಾ, ಸುರೀತೀನಿ. ಕೃಪೆ ನಿಂದು, ಡಬರಿ ನಂದು."