ವಿಭೂತಿ ಹಚ್ಚಿಸಿಕೊಂಡ ಕ್ಯಾಥೋಡ್

ಮದುವೆಮನೆಯ ಊಟದ ಪಂಕ್ತಿಯಲ್ಲಿ ನನಗೆ ಪಕ್ಕದಲ್ಲಿ ಕೂತವರ ಭಯ. ಪಾಯಸ ಬರುವಷ್ಟರಲ್ಲಿ ಅವರು, ‘ನೀವು ಪಿಎಚ್.ಡಿ. ಮಾಡ್ತಿದ್ದೀರಂತೆ, ಯಾವುದರ ಮೇಲೆ?’ ಎಂದು ಕೇಳಿಯೇ ಕೇಳುತ್ತಾರೆ. ಪ್ಲಾಸ್ಮಾ ಆರ್ಕಿನಲ್ಲಿ ಕ್ಯಾಥೋಡ್ ಸವೆಯುವುದರ ಮೇಲೆ ಎಂದರೆ ಅವರ ಕೈ ಎಲೆಯ ಮೇಲೆಯೇ ನಿಂತುಬಿಡುತ್ತದೆ. ಪಾಪ ಅನ್ನಿಸಿ ಬಿಡಿಸಿ ಹೇಳುತ್ತೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಕಣ್ಣು ಕುಕ್ಕುವ ಬೆಳಕು ಕಾಣುತ್ತದಲ್ಲ, ನಮ್ಮ ಆರ್ಕ್ ಅದರ ದೊಡ್ಡಣ್ಣ. ಅದರ ಒಂದು ತುದಿಯಲ್ಲಿ ಟಂಗ್‌ಸ್ಟನ್ ಕಡ್ಡಿ ಇರುತ್ತದೆ, ಅದೇ ಕ್ಯಾಥೋಡ್. ಆರ್ಕ್ ಉರಿಯುವಾಗ ಕಡ್ಡಿಯ ಮೊನೆ ಕಾದು, ಕರಗಿ, ಸವೆಯುತ್ತದೆ. ಯಾವಾಗ, ಎಷ್ಟು, ಯಾಕೆ ಎನ್ನುವುದು ನನ್ನ ವಿಷಯ. ನಜರ್‌ಬಾದಿನ ನೆಂಟರೊಬ್ಬರು ಇಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ‘ಸವೆದ್ರೆ ಹೊಸದು ಹಾಕ್ಸೋದಲ್ವೇನಮ್ಮ?’ ಎಂದರು. ನಾನು ಉಪ್ಪಿನಕಾಯಿಯ ಕಡೆ ಗಮನ ಕೊಟ್ಟೆ.

ಅವರ ಮಾತೇ ಸರಿಯೇನೋ ಎಂದು ನನಗೂ ಅನ್ನಿಸತೊಡಗಿತ್ತು ಎನ್ನುವುದೇ ನಿಜವಾದ ತೊಂದರೆ. ನಲವತ್ತು ದಾಟಿದ ಮೇಲೆ, ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಸಂಶೋಧನೆಗೆ ಇಳಿದವಳು ನಾನು. ಒಂದು ದಿನದ ಅಳತೆ ಇನ್ನೊಂದು ದಿನದ ಅಳತೆಗೆ ಹೊಂದುತ್ತಿರಲಿಲ್ಲ. ಆರ್ಕ್ ಹೊತ್ತಿಕೊಳ್ಳುವುದಕ್ಕೇ ಸತಾಯಿಸುತ್ತಿತ್ತು. ಚಿಟಚಿಟ ಎಂದು ಕಿಡಿ ಹಾರಿಸಿ ಆರಿಹೋಗುತ್ತಿತ್ತು. ಗೈಡ್ ಸರ್ ನಿವೃತ್ತಿಗೆ ಹತ್ತಿರವಾಗಿದ್ದರು, ಅವರು ಹೋದರೆ ನನ್ನ ಕೈಹಿಡಿಯುವವರು ಯಾರೂ ಇರಲಿಲ್ಲ. ಬಿಟ್ಟುಬಿಡುತ್ತೇನೆ ಸರ್ ಎಂದು ಹೇಳುವುದಕ್ಕೆ ಅವರು ಖುಷಿಯಾಗಿರುವ ದಿನವೊಂದನ್ನು ಹುಡುಕುತ್ತಿದ್ದೆ.

ಅಷ್ಟರಲ್ಲಿ ದಸರಾ ರಜೆ ಬಂತು. ತೂಕ ಮಾಡಿಟ್ಟಿದ್ದ ಆರು ಕಡ್ಡಿಗಳನ್ನು ಭೂತಗನ್ನಡಿಯಲ್ಲಿ ನೋಡೋಣವೆಂದು ಶ್ರೀರಾಂಪುರದ ಮನೆಗೆ ತಂದು, ಮೇಜಿನ ಮೇಲಿಟ್ಟು, ಅಭ್ಯಾಸದಂತೆ ಮರೆತೆ. ರಜೆ ಮುಗಿದ ಮೇಲೆ ಅವನ್ನು ಪ್ರಯೋಗಾಲಯಕ್ಕೆ ಒಯ್ದು ಸ್ವಿಚ್ ಒತ್ತಿದರೆ ಮೊದಲ ಸಲಕ್ಕೇ ಆರ್ಕ್ ಹೊತ್ತಿಕೊಂಡಿತು. ಎರಡನೆಯ ಕಡ್ಡಿಗೂ ಹಾಗೆಯೇ. ತೂಗಿ ನೋಡಿದರೆ ಹಿಂದಿನವುಗಳ ಅರ್ಧದಷ್ಟೂ ಸವೆದಿರಲಿಲ್ಲ. ಕುಣಿಯುವ ವಯಸ್ಸಲ್ಲ, ಆದರೂ ಸ್ವಲ್ಪ ಕುಣಿದೆ. ಸರ್ ಮಾತ್ರ ನಿಧಾನವಾಗಿ ಕನ್ನಡಕ ಒರೆಸಿಕೊಂಡು, ‘ಈ ಸಲ ಬೇರೆ ಏನು ಮಾಡಿದ್ರಿ?’ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಇನ್ನೂ ಉರಿಸದಿದ್ದ ಒಂದು ಕಡ್ಡಿಯನ್ನು ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದರು. ಮೊನೆಯ ಸಣ್ಣ ಗೀರುಗಳಲ್ಲೆಲ್ಲ ಬಿಳಿ ಪುಡಿ ಕೂತಿತ್ತು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ನಮ್ಮತ್ತೆ ಯಾವುದನ್ನೂ ಮುಚ್ಚಿಡುವವರಲ್ಲ. ಆಯುಧಪೂಜೆಯ ದಿನ ಈಳಿಗೆಮಣೆ, ಹೊಲಿಗೆ ಮಿಷನ್, ಸ್ಕೂಟರಿನ ಜೊತೆಗೆ ನನ್ನ ಕಡ್ಡಿಗಳಿಗೂ ವಿಭೂತಿ ಹಚ್ಚಿ, ಹೂವೇರಿಸಿ, ಮಾರನೆಯ ದಿನ ಸೆರಗಿನಲ್ಲಿ ಒರೆಸಿ ಇಟ್ಟಿದ್ದರಂತೆ. ‘ನಿನ್ನ ಆಯುಧ ಅವೇ ಅಲ್ವಾ? ಅದಕ್ಕೇ ಹಚ್ಬುಟ್ಟೆ ಕಣಮ್ಮ,’ ಎಂದರು.

ಸರ್‌ಗೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇರುತ್ತವೆ, ಅಂಥವು ಲೋಹದಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುವಂತೆ ಮಾಡುತ್ತವೆ, ಇದು ಜಗತ್ತಿಗೆ ಗೊತ್ತಿರುವ ಹಳೆಯ ಸಂಗತಿ ಎಂದರು. ಆದರೆ ನಮ್ಮ ಕಡ್ಡಿಗಳು ಎಲ್ಲಿ ಎಡವುತ್ತಿದ್ದವು ಎನ್ನುವ ಸುಳಿವು ಅದರಲ್ಲಿತ್ತು. ಹೊಸದಾಗಿ ಆರು ಕಡ್ಡಿ ತೆಗೆದುಕೊಂಡು ಮೂರಕ್ಕೆ ಹಚ್ಚಿ, ಮೂರನ್ನು ಬರಿದಾಗಿ ಬಿಟ್ಟು ಹೋಲಿಸಬೇಕು ಎಂದು ತೀರ್ಮಾನವಾಯಿತು. ಹಚ್ಚುವ ಕೈಯೂ ಬದಲಾಗಬಾರದು ಎಂದರು. ಹಾಗಾಗಿ ಅತ್ತೆಯ ಮೊರೆಹೋದೆ.

ಅತ್ತೆ ಒಪ್ಪಲಿಲ್ಲ. ‘ಮೂರಕ್ಕೆ ಹಚ್ಚಿ ಇನ್ನು ಮೂರನ್ನ ಹಂಗೇ ಬುಡೋದಾ? ಅವೇನು ತಪ್ಪು ಮಾಡವೆ?’ ಒಂದು ಸಂಜೆ ಪೂರ್ತಿ ಕೂತು, ಹಚ್ಚದ್ದು ಇಲ್ಲದಿದ್ದರೆ ಹಚ್ಚಿದ್ದರ ಗುಣ ತಿಳಿಯುವುದಿಲ್ಲ ಎಂದು ವಿವರಿಸಿದೆ. ತಲೆಯಾಡಿಸಿದರು. ಬೆಳಗ್ಗೆ ಎದ್ದು ನೋಡಿದರೆ ಆರೂ ಕಡ್ಡಿಗಳ ಮೇಲೆ ಚೊಕ್ಕವಾಗಿ ಬಳಿದ ಬಿಳಿ ಪಟ್ಟೆ. ಎಲ್ಲವನ್ನೂ ಉಜ್ಜಿ, ತೊಳೆದು, ಮತ್ತೆ ತೂಗುವುದಾಯಿತು. ಕೊನೆಗೆ ಉಪಾಯ ಕಾಣದೆ, ವಿಭೂತಿಯ ಸಮೇತ ಅತ್ತೆಯನ್ನೇ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ.

ಸರ್ ತಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ ಕೈಗೆ ಕಪ್ಪು ಗಾಜು ಕೊಟ್ಟರು. ಬರಿಯ ಕಡ್ಡಿ ಎಂದಿನಂತೆ ಕಿಡಿ ಉಗುಳಿತು. ಬೆಳಕಿನ ಚುಕ್ಕೆ ಮೊನೆಯ ಮೇಲೆ ನೆಲೆ ಸಿಗದೆ ಓಡಾಡಿ, ಎಷ್ಟೋ ಸಲ ಆರಿ, ಕೊನೆಗೆ ಹೊತ್ತಿಕೊಂಡಿತು. ಹಚ್ಚಿದ ಕಡ್ಡಿಯಲ್ಲಿ ಆರ್ಕ್ ಕೂಡಲೇ ಹೊತ್ತಿ, ಅಲುಗದೆ ಉರಿಯಿತು. ಅತ್ತೆಯ ಮುಖ ಅರಳಿತು. ಆದರೆ ಸರ್ ನಿಲ್ಲಿಸಲಿಲ್ಲ, ಉರಿಯಲು ಬಿಟ್ಟರು. ಸ್ವಲ್ಪ ಹೊತ್ತಿಗೆ ಬೂದಿಯೆಲ್ಲ ಹಾರಿಹೋಯಿತು. ಆಮೇಲೆ ಎರಡೂ ಬಗೆಯ ಕಡ್ಡಿಗಳು ಒಂದೇ ಸಮನೆ, ತೀರಾ ನಿಧಾನವಾಗಿ ಸವೆದವು. ಆರನ್ನೂ ಮುಗಿಸಿ ತೂಗಿದಾಗ, ಇಷ್ಟು ವರ್ಷ ಹೊಂದದಿದ್ದ ಅಳತೆಗಳ ಕಥೆ ನನಗೆ ಮೊದಲ ಬಾರಿಗೆ ಕಂಡಿತು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಯೋಚನೆ ಮಾಡುತ್ತಲೇ ಇದ್ದರು. ಆಮೇಲೆ, ‘ಹಚ್ಚಿದ್ದೂ ಸವೀತದೆ, ಹಚ್ಚದ್ದೂ ಸವೀತದೆ. ಮತ್ತೆ ನೀನು ಕಂಡುಹಿಡಿದದ್ದೇನು?’ ಎಂದರು.

‘ಹೊತ್ಕೊಂಡು ಉರಿಯೋವಾಗ ಅದಕ್ಕೆ ಅಷ್ಟೇನೂ ಆಗಲ್ಲ ಅತ್ತೆ. ತಣ್ಣಗಿರೋದನ್ನ ಹೊತ್ತಿಸ್ತೀವಲ್ಲ, ಸವೆಯೋದೆಲ್ಲ ಆಗಲೇ. ಒಂದೊಂದು ದಿನ ಒಂದೊಂದಷ್ಟು ಸಲ ಹೊತ್ತಿಸ್ತಿದ್ದೆ, ಅದಕ್ಕೇ ಅಳತೆ ಹೊಂದ್ತಿರಲಿಲ್ಲ. ಆ ಮೊದಲನೇ ಕ್ಷಣ ಸಲೀಸು ಮಾಡಿಕೊಟ್ರೆ ತುಂಬ ದಿನ ಬಾಳುತ್ತೆ.’

‘ಇದನ್ನ ಹಿಂಗೇ ಬರೀಬೋದಲ್ಲ?’

ಮನೆಗೆ ಬಂದು ನನ್ನ ಪ್ರಬಂಧದ ಪೀಠಿಕೆ ತೆಗೆದು ನೋಡಿದೆ. ಇಂಥದೊಂದು ಊಹೆ ಅದರಲ್ಲಿ ಇತ್ತು. ಆದರೆ ಎಷ್ಟೋ ಪುಟಗಳಾಚೆ, ಬರೆದ ನಾನೇ ಎರಡು ಸಲ ಓದಬೇಕಾದ ಒಂದು ವಾಕ್ಯದೊಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಮೊದಲ ಪುಟಕ್ಕೆ ತಂದೆ. ಅಲ್ಲಿಂದ ಉಳಿದದ್ದೆಲ್ಲ ತಾನಾಗಿ ಸಾಲಾಗಿ ಬಂತು. ಬಿಟ್ಟುಬಿಡುವ ಮಾತಾಡಲು ದಿನ ಹುಡುಕುವುದನ್ನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಆ ಅಧ್ಯಾಯ ತಿದ್ದಿ ಕೊಟ್ಟ ವಾರದಲ್ಲೇ ಸರ್ ಫೋನ್ ಮಾಡಿದರು. ದನಿಯಲ್ಲಿ ಸಂತೋಷವಿತ್ತು.

‘ಈ ಸಲ ನೀವು ಬರೆದದ್ದು ಅರ್ಥವಾಗ್ತಾ ಇದೆಯಮ್ಮ,’ ಎಂದರು.

ಹಾಗಾದರೆ ಇಷ್ಟು ವರ್ಷ ಓದಿ ಸಹಿ ಹಾಕಿದ್ದು ಏನನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.