ಅಜ್ಜಿಯ ಕುಡಿಯೋ ಇಂಗ್ಲಿಷು

ನಮ್ಮ ಮನೆಯಲ್ಲಿ ಯಾರಾದರೂ ಲೋಟ ಕೈಗೆತ್ತಿಕೊಂಡರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತೆ. ಬೇರೆಯವರ ಮನೆಯಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟರೆ ಮುಗೀತು. ನಮ್ಮಲ್ಲಿ ಲೋಟ ತೊಳೆದ ಮೇಲೂ ಒಂದು ವಾರ ಅದರ ಮಾತೇ. ಅದರಲ್ಲೂ ಹೋದ ವರ್ಷ ಅಜ್ಜಿ ಮಂಡ್ಯದಿಂದ ಇಲ್ಲಿಗೆ, ಅಮೆರಿಕಕ್ಕೆ ಬಂದಿದ್ದಳಲ್ಲ, ಆ ದಿನಗಳನ್ನ ನೆನೆಸಿಕೊಂಡರೆ ಈಗಲೂ ನೀರು ನೆತ್ತಿಗೆ ಹತ್ತುತ್ತೆ. ಈಗ ಅಜ್ಜಿ ಊರಲ್ಲಿದ್ದಾಳೆ. ಇಲ್ಲಿ ಬೆಳಿಗ್ಗೆ ಕಾಫಿ ಮೆಷಿನ್ನು ಗುರ್ ಅನ್ನುತ್ತೆ, ಎಲ್ಲರೂ ನಿಂತುಕೊಂಡೇ ಕುಡಿದು ಹೊರಟುಹೋಗ್ತೀವಿ. ಬೈಯೋಕೂ ಜನ ಇಲ್ಲ.

ಅಜ್ಜಿ ಬಂದದ್ದು ಆರು ತಿಂಗಳಿಗೆ ಅಂತ. ಮೂರನೇ ವಾರಕ್ಕೇ ವರಾತ ಶುರುವಾಯ್ತು. ಬೆಳಿಗ್ಗೆ ಅಪ್ಪ ಮೌಂಟನ್ ವ್ಯೂನಲ್ಲಿರೋ ಆಫೀಸಿಗೆ ಕಂಪನಿ ಬಸ್ಸು ಹಿಡಿಯೋದು, ಅಮ್ಮ ಕಾರಲ್ಲಿ ಕೆಲಸಕ್ಕೆ, ನಾನು ಶಾಲೆಗೆ. ಎವರ್‌ಗ್ರೀನ್ ಬಡಾವಣೆಯ ನಮ್ಮ ಬೀದಿಯಲ್ಲಿ ಸಂಜೆವರೆಗೆ ಅಜ್ಜಿ ಮತ್ತು ಅಳಿಲು, ಇಬ್ಬರೇ.

“ಬಾಯಿದ್ದೂ ಮೂಗಿ ಹಂಗೆ ಕೂತಿವ್ನಿ ಕಣ್ಲಾ,” ಅಂದಳು ಅಪ್ಪನಿಗೆ. “ಅಲ್ಲಿ ಮೂಲೇಲಿ ಕಾಫಿ ಅಂಗಡಿ ಐತೆ. ಒಳಕ್ಕೋಗಿ ವಸಿ ಕಾಫಿ ಕೊಡಪ್ಪ ಅನ್ನಕ್ಕೂ ನಂಗೆ ಬರಾಕಿಲ್ಲ. ಊರಿಗೆ ಟಿಕೆಟ್ಟು ಹಾಕ್ಸು, ಹೊಂಟೋಯ್ತೀನಿ.”

“ಈ ತಿಂಗಳು ಮುಗೀಲಿ ಅವ್ವ,” ಅಂದರು ಅಪ್ಪ. “ಆಗಲೂ ಹಿಂಗೇ ಅನ್ನಿಸಿದ್ರೆ ಟಿಕೆಟ್ ಚೇಂಜ್ ಮಾಡಿಸ್ತೀನಿ.”

ಅಜ್ಜಿ ಹೋಗೋದು ನನಗೆ ಸುತರಾಂ ಇಷ್ಟ ಇರಲಿಲ್ಲ. ಅವಳ ಮೇಲಿನ ಪ್ರೀತಿ ಒಂದು ಕಡೆ. ಇನ್ನೊಂದು ಕಡೆ, ಈ ದೇಶದಲ್ಲಿ ನನ್ನ ಜೋಕಿಗೆ ನಗೋಳು ಅವಳೊಬ್ಬಳೇ. ನಾನು ಮಂಡ್ಯದಲ್ಲಿ ಏಳನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಆಮೇಲೆ ಇಲ್ಲಿ. ಅಲ್ಲಿ ಅರ್ಧ ಓದು, ಇಲ್ಲಿ ಅರ್ಧ ಓದು, ಎರಡೂ ಸೇರಿಸಿದರೂ ಒಂದು ಆಗಲಿಲ್ಲ. ಶಾಲೆಯಲ್ಲಿ ನನ್ನ ಜೋಕು ಇಂಗ್ಲಿಷಿಗೆ ಬರುವಷ್ಟರಲ್ಲಿ ಬೆಲ್ಲು ಹೊಡೆದಿರುತ್ತಿತ್ತು. ಆದರೆ ಹೊಸದಾಗಿ ಬಂದ ಹುಡುಗರ ಇಂಗ್ಲಿಷ್ ಕ್ಲಾಸಿನಲ್ಲಿ ಆಗಷ್ಟೇ ಕುಡಿಯೋ ಪದಾರ್ಥಗಳ ಪಾಠ ಮುಗಿದಿತ್ತು. ಅದೊಂದರಲ್ಲಿ ನಾನು ಪಾಸು. ಸರಿ, ಮನೆಯಲ್ಲಿ ನಾನೇ ಮೇಷ್ಟ್ರಾದೆ.

ಗುಟುಕು, ಗಟಗಟ, ಸೊರ್

ಮೊದಲ ಪಾಠ ಅಡುಗೆಮನೆಯಲ್ಲಿ. “ನೋಡಜ್ಜಿ, ಸಿಪ್ ಅಂದ್ರೆ ಗುಟುಕು ಗುಟುಕಾಗಿ ಕುಡಿಯೋದು. ಗಲ್ಪ್ ಅಂದ್ರೆ ಗಟಗಟ ಅಂತ ಇಳಿಸೋದು. ಸ್ಲರ್ಪ್ ಅಂದ್ರೆ ಸೊರ್ ಅಂತ ಸದ್ದು ಮಾಡಿ ಹೀರೋದು.”

“ನಿಮ್ ತಾತ ಇವು ಮೂರನ್ನೂ ಒಂದೇ ಲೋಟದಲ್ಲಿ ಮಾಡೋರು,” ಅಂದಳು ಅಜ್ಜಿ. ಆಮೇಲೆ ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ಸೋಕಿಸದೆ ನೀರನ್ನ ಧಾರೆಯಾಗಿ ಗಂಟಲಿಗೆ ಬಿಟ್ಟುಕೊಂಡು ಕೇಳಿದಳು: “ಇದ್ಕೇನಂತಾರೆ?”

ಎತ್ತಿ ಕುಡಿಯೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ? ನಮ್ಮ ಪಾಠದಲ್ಲಿ ಬಂದಿರಲಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಮೇಡಂ ಹತ್ತಿರ ಕೇಳಿದೆ. ಅವರಿಗೆ ಅರ್ಥ ಆಗಲಿಲ್ಲ. ಮಾಡಿ ತೋರಿಸು ಅಂದರು. ಬಾಟಲಿ ಎತ್ತಿದೆ. ಇಡೀ ಕ್ಲಾಸು ನೋಡುತ್ತಿದೆ ಅಂತ ಜಂಬ ಬಂದು ಇನ್ನೂ ಮೇಲೆತ್ತಿದೆ. ಅರ್ಧ ನನ್ನ ಮೂಗಿಗೆ, ಅರ್ಧ ಪಕ್ಕದಲ್ಲಿ ಕೂತಿದ್ದ ವಿಯೆಟ್ನಾಮಿನ ಹುಡುಗನ ಮಡಿಲಿಗೆ ಹೋಯ್ತು.

ಮೇಡಂ ಶಾಂತವಾಗಿ, “ಇದಕ್ಕೆ ಸ್ಪಿಲ್ ಅಂತೀವಿ,” ಅಂದರು.

ನಾನು ಮನೆಗೆ ಬಂದು ಹಂಗೇ ಒಪ್ಪಿಸಿದೆ. ಆ ವಾರವೆಲ್ಲ ಅಜ್ಜಿ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದಳು: “ಇವ್ರೆಲ್ಲ ಸಿಪ್ಪು. ನಾನು ಹುಟ್ಟಿದಾಗಿಂದ ಸ್ಪಿಲ್ಲು.”

ಸಂಕೋಚದ ಹೆಂಗಸು

ಎರಡನೇ ಪಾಠ ಮರ್ಯಾದೆಯದ್ದು. ಯಾರಾದರೂ ಏನು ಕುಡೀತೀರಿ ಅಂದರೆ ‘ಯೆಸ್ ಪ್ಲೀಸ್’, ಬೇಡದಿದ್ದರೆ ‘ನೋ ಥ್ಯಾಂಕ್ ಯೂ’. ಎರಡನ್ನೂ ಬಾಯಿಪಾಠ ಮಾಡಿಸಿ, ಪರೀಕ್ಷೆಗೆ ಅಂತ ಪಕ್ಕದ ಮನೆಗೆ ಕರಕೊಂಡು ಹೋದೆ. ಪಕ್ಕದ ಮನೆಯಾಕೆ ಅಮೆರಿಕದವರು, ಒಂಟಿ, ಗುಲಾಬಿ ಗಿಡ ಬೆಳೆಸ್ತಾರೆ, ತುಂಬ ಒಳ್ಳೆಯವರು. ಕೂತ ತಕ್ಷಣ ಕೇಳಿದರು: ಟೀ, ಕಾಫಿ, ಜ್ಯೂಸು, ಏನು ಕೊಡಲಿ?

ಅಜ್ಜಿ ಸೆರಗು ಸರಿಮಾಡಿಕೊಂಡು, “ನೋ ಥ್ಯಾಂಕ್ ಯೂ,” ಅಂದಳು.

“ಓಕೆ,” ಅಂದರು ಆಕೆ, ಕೂತುಬಿಟ್ಟರು.

ಅಜ್ಜಿ ಕಾದಳು. ಎರಡನೇ ಸಲ ಕೇಳ್ತಾರೆ, ಆಗ ‘ಯಾಕೆ ಸುಮ್ನೆ ತೊಂದರೆ’ ಅನ್ನೋದು, ಮೂರನೇ ಸಲಕ್ಕೆ ‘ಹಂಗಾದ್ರೆ ವಸಿ’ ಅನ್ನೋದು ಅವಳ ಲೆಕ್ಕ. ಆಕೆ ಗುಲಾಬಿಯ ವಿಚಾರ ಹೇಳಿದರು, ಗಿಡದ ಹುಳದ ವಿಚಾರ ಹೇಳಿದರು, ಹುಳಕ್ಕೆ ಹೊಡೆಯೋ ಔಷಧಿಯ ವಿಚಾರವನ್ನೂ ಹೇಳಿದರು. ಕುಡಿಯೋ ವಿಚಾರ ಮಾತ್ರ ಬರಲಿಲ್ಲ. ಮನೆಗೆ ಬಂದವಳೇ ಅಜ್ಜಿ ಒಂದು ತಂಬಿಗೆ ನೀರು ಖಾಲಿ ಮಾಡಿದಳು.

“ಒಂದ್ಸಲ ಬ್ಯಾಡ ಅಂದ್ರೆ ನಿಜವಾಗ್ಲೂ ಬ್ಯಾಡ ಅನ್ಕೊಬುಟ್ಲಲ್ಲೋ!”

ನಾಲ್ಕು ದಿನ ಬಿಟ್ಟು ಆಕೆ ನಮ್ಮ ಮನೆಗೆ ಬಂದರು. ಅಜ್ಜಿ ಕಾಫಿ ಹಿಡಿದಳು. ಆಕೆ “ನೋ ಥ್ಯಾಂಕ್ ಯೂ,” ಅಂದರು. ಅಜ್ಜಿ ಕಣ್ಣು ಮಿಟುಕಿಸಿ ಲೋಟವನ್ನ ಕೈಗೇ ಇಟ್ಟಳು. ಕುಡಿದರು. ಆಮೇಲೆ ಮಜ್ಜಿಗೆ. “ನೋ, ನೋ, ಥ್ಯಾಂಕ್ ಯೂ!” ಕುಡಿದರು. ಆಮೇಲೆ ನಿಂಬೆಹಣ್ಣಿನ ಶರಬತ್ತು. ಆಕೆ ಕೈಯಲ್ಲೇ ಬೇಡ ಅಂದರು. ಅದನ್ನೂ ಕುಡಿದು, ಗೋಡೆ ಹಿಡಿದುಕೊಂಡು ಮನೆಗೆ ಹೋದರು.

ಅಜ್ಜಿ ಅವರು ಹೋದ ದಾರಿಯನ್ನೇ ನೋಡುತ್ತಾ ಲೊಚಗುಟ್ಟಿದಳು: “ಪಾಪ, ಎಷ್ಟು ಸಂಕೋಚದ ಹೆಂಗ್ಸು. ಬಲವಂತ ಮಾಡ್ದಿದ್ರೆ ಹಂಗೇ ಬಾಯಾರ್ಕೊಂಡು ಹೋಗೋಳು.”

ತೀರ್ಥ

ಇದರಲ್ಲಿ ನನ್ನ ಕಿತಾಪತಿ ಇದೆ. “ಇಲ್ಲಿ ಏನೇ ಕುಡಿಯೋ ಮುಂಚೆ ಕೈ ಮೇಲೆತ್ತಿ ಚಿಯರ್ಸ್ ಅನ್ನಬೇಕು ಅಜ್ಜಿ, ಇಲ್ಲದಿದ್ರೆ ಎದುರಿಗಿರೋರು ಬೇಜಾರು ಮಾಡ್ಕೊತಾರೆ,” ಅಂತ ಹೇಳಿಕೊಟ್ಟಿದ್ದೆ. ಅಜ್ಜಿ ಶ್ರದ್ಧೆಯಿಂದ ಕಲಿತಳು. ಬೆಳಿಗ್ಗೆ ಬಿಸಿನೀರಿಗೆ ಚಿಯರ್ಸು. ಕೆಮ್ಮಿನ ಔಷಧಿಗೆ ಚಿಯರ್ಸು. ಅಮ್ಮ ಸಾರಿನ ರುಚಿ ನೋಡೋಕೆ ಸೌಟಲ್ಲಿ ಕೊಟ್ಟರೆ ಅದಕ್ಕೂ ಚಿಯರ್ಸು. ಅಪ್ಪ ಊಟದ ಮಧ್ಯ ಎದ್ದುಹೋಗಿ ನಗುತ್ತಿದ್ದರು.

ಒಂದು ಶನಿವಾರ ಅಮ್ಮ ಫ್ರೀವೇ ಹಿಡಿದು ನಮ್ಮನ್ನ ದೇವಸ್ಥಾನಕ್ಕೆ ಕರಕೊಂಡು ಹೋದಳು. ಭಾರೀ ಜನ. ಉಡುಪಿ ಕಡೆಯ ಭಟ್ಟರು ಸಾಲಿನಲ್ಲಿ ಬಂದವರಿಗೆಲ್ಲ ತೀರ್ಥ ಕೊಡುತ್ತಿದ್ದರು. ಅಜ್ಜಿಯ ಅಂಗೈಗೆ ಬಿತ್ತು. ನನಗೆ ಆಗ ನೆನಪಾಯ್ತು. ತಡೆಯೋಣ ಅಂತ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ಬಲಗೈಯನ್ನ ಭಟ್ಟರ ಮುಖದ ತನಕ ಎತ್ತಿ, ಗರ್ಭಗುಡಿಗೆ ಕೇಳೋ ಹಾಗೆ ಅಂದಳು: “ಚಿಯರ್ಸ್!”

ಅಮ್ಮ ನನ್ನ ತೊಡೆ ಜಿಗುಟಿದ ಗುರುತು ಒಂದು ವಾರ ಇತ್ತು. ಭಟ್ಟರು ಮಾತ್ರ ತಲೆಯನ್ನೂ ಎತ್ತಲಿಲ್ಲ.

“ಆಯ್ತಮ್ಮ, ಚಿಯರ್ಸ್. ಮುಂದೆ ಹೋಗಿ, ಹಿಂದೆ ತುಂಬ ಜನ ಉಂಟು.”

ಚಿಕ್ಕ ಲೋಟ

ತಿಂಗಳು ಮುಗಿಯೋಕೆ ಬಂತು. ಪದಗಳೆಲ್ಲ ಬಾಯಿಗೆ ಬಂದಿದ್ದವು, ಅಂಗಡಿ ಮಾತ್ರ ಬಾಕಿ. ಮೂಲೆಯ ಕಾಫಿ ಅಂಗಡಿಗೆ ನಾನೇ ಜೊತೆಗೆ ಹೋದೆ. ಅಜ್ಜಿ ನೋಡಿಕೊಳ್ಳಲಿ ಅಂತ ಅವತ್ತು ನಾನೇ ಮಾತಾಡಿ, ಇದ್ದುದರಲ್ಲಿ ಚಿಕ್ಕದು ಕೊಡಿಸಿದೆ.

ಅಜ್ಜಿ ಅದನ್ನ ಎರಡೂ ಕೈಯಲ್ಲಿ ಹಿಡಿದು ತೂಕ ನೋಡಿದಳು. “ಇದು ಚಿಕ್ಕದಾ? ಹಂಗಾರೆ ದೊಡ್ಡದನ್ನ ಯಾರಿಗೆ ಕೊಡ್ತಾರೆ, ಎಮ್ಮೆಗಾ?”

ಮುಚ್ಚಳದಲ್ಲಿರೋ ಸಣ್ಣ ತೂತಿಗೆ ಬಾಯಿಟ್ಟು ಹೀರು ಅಂದೆ. ಪಾಪು ಥರ ನಾನ್ಯಾಕೆ ಹೀರಲಿ ಅಂದಳು. ಮುಚ್ಚಳ ತೆಗೆಸಿದಳು, ಒಂದು ಖಾಲಿ ಕಪ್ಪು ತರಿಸಿದಳು. ಆಮೇಲೆ ಎದ್ದು ನಿಂತು, ಒಂದು ಕೈ ತಲೆ ಮೇಲೆ, ಒಂದು ಕೈ ಸೊಂಟದ ಹತ್ತಿರ, ಕಾಫಿಯನ್ನ ಆ ಕಪ್ಪಿಂದ ಈ ಕಪ್ಪಿಗೆ ಸುರಿದು ಆರಿಸತೊಡಗಿದಳು. ಒಂದು ಹನಿ ಕೆಳಗೆ ಬೀಳಲಿಲ್ಲ. ಆದರೆ ಬೀಳುತ್ತೆ ಅಂತ ಸುತ್ತ ಕೂತಿದ್ದವರಿಗೆ ಖಾತ್ರಿ. ಎಲ್ಲರೂ ಒಟ್ಟಿಗೆ ಲ್ಯಾಪ್‌ಟಾಪು ಮುಚ್ಚಿ ಎದೆಗೆ ಅವಚಿಕೊಂಡರು. ಆ ಅಂಗಡಿಯಲ್ಲಿ ಅಷ್ಟು ಜನ ಒಂದೇ ಸಲ ಕೆಲಸ ನಿಲ್ಲಿಸಿದ್ದು ಅವತ್ತೇ ಮೊದಲಿರಬೇಕು.

ಕುಡಿದು ಮುಗಿಸಿ ಅಜ್ಜಿ ಅಂದಳು: “ಚೆನ್ನಾಗೈತೆ. ಆದ್ರೆ ನೀನಿದ್ದೆ, ಅದ್ಕೆ ಸಿಕ್ತು. ನಾಳೀಕೆ ನಾನೊಬ್ಳೇ ಬತ್ತೀನಿ. ಈಸ್ಕೊಂಡು ಕುಡುದ್ರೆ ಉಳ್ಕೊತೀನಿ. ಇಲ್ದಿದ್ರೆ ಸಾಯಂಕಾಲ ನಿಮ್ಮಪ್ಪಂಗೆ ಟಿಕೆಟ್ಟು ಹಾಕ್ಸು ಅಂತೀನಿ.”

ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಹೆಸರು

ಮಾರನೇ ದಿನ ಭಾನುವಾರ. ಒಳಗೆ ಬರಕೂಡದು ಅಂತ ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ನಾನು ಬಾಗಿಲ ಹೊರಗಿನ ಮೇಜಿಗೆ ಕೂತೆ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳುತ್ತಿತ್ತು. ಅಜ್ಜಿ ಇಳಕಲ್ ಸೀರೆ ಉಟ್ಟು, ಅಮ್ಮನ ಕಾರ್ಡು ಹಿಡಿದು, ಕೋರ್ಟಿಗೆ ಸಾಕ್ಷಿ ಹೇಳೋಕೆ ಹೋದವಳ ಹಾಗೆ ಕೌಂಟರಿನ ಮುಂದೆ ನಿಂತಳು.

“ಒನ್ ಸ್ಮಾಲ್ ಕಾಫಿ. ಮಿಲ್ಕ್. ಶುಗರ್. ಒನ್ ಎಂಪ್ಟಿ ಕಪ್. ಪ್ಲೀಸ್.”

ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಕೌಂಟರಿನ ಹುಡುಗ ಕಪ್ಪು, ಪೆನ್ನು ಹಿಡಿದು ಕೇಳಿದ: “ನೇಮ್?”

ಸತ್ತೆ ಅಂದುಕೊಂಡೆ. ಎಲ್ಲ ಹೇಳಿಕೊಟ್ಟಿದ್ದೆ, ಇಲ್ಲಿ ಕಾಫಿಗೆ ಹೆಸರು ಕೇಳ್ತಾರೆ, ಆಮೇಲೆ ಆ ಹೆಸರನ್ನ ಊರಿಗೆಲ್ಲ ಕೇಳೋ ಹಾಗೆ ಕೂಗ್ತಾರೆ ಅನ್ನೋದನ್ನೇ ಬಿಟ್ಟಿದ್ದೆ. ಅಜ್ಜಿಯ ಬೆನ್ನು ನೆಟ್ಟಗಾಯ್ತು. ಕಟ್ಟಿಕೊಂಡ ತಾತನೇ ಅವಳನ್ನ ಒಂದು ದಿನ ಹೆಸರು ಹಿಡಿದು ಕರೆದವರಲ್ಲ. ಮೊಮ್ಮಗನ ವಯಸ್ಸಿನ ಈ ಹುಡುಗನಿಗೆ ಹೇಳುತ್ತಾಳಾ? ಹಿಂದಿದ್ದವರು ಗಡಿಯಾರ ನೋಡಿಕೊಂಡರು. ನಾನು ಅರ್ಧ ಎದ್ದೆ.

ಅಜ್ಜಿ ಗಂಭೀರವಾಗಿ ಅಂದಳು: “ಅಜ್ಜಿ.”

ಹುಡುಗ ಒಂದು ಸಲ ಅವಳನ್ನೇ ನೋಡಿದ, ನಕ್ಕ, ಬರೆದುಕೊಂಡ. ಅಜ್ಜಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಅವನು ಗಂಟಲು ಹರಿದುಕೊಂಡು ಕೂಗಿದ: “ಅಜ್ಜೀ!”

ನಮ್ಮಜ್ಜಿ ಎದ್ದಳು. ಅದೇ ಹೊತ್ತಿಗೆ ಆಚೆ ಮೂಲೆಯಿಂದ ಸ್ವೆಟರು ಹಾಕಿಕೊಂಡ ಇನ್ನೊಬ್ಬ ಹೆಂಗಸು ಎದ್ದರು. ಇಬ್ಬರೂ ಒಟ್ಟಿಗೇ ಕೌಂಟರು ಮುಟ್ಟಿದರು. ಒಂದೇ ಕಪ್ಪಿನ ಮೇಲೆ ಎರಡು ಕೈ.

“ಎಕ್ಸ್‌ಕ್ಯೂಸ್ ಮಿ. ಮೈ ಕಾಫಿ,” ಅಂದರು ಸ್ವೆಟರಿನವರು.

“ನೋ ಥ್ಯಾಂಕ್ ಯೂ,” ಅಂದಳು ನಮ್ಮಜ್ಜಿ, ಕಪ್ಪು ಬಿಡದೆ.

“ಐ ಆ್ಯಮ್ ಅಜ್ಜಿ!”

“ಐ ಅಜ್ಜಿ!” ಅಂದಳು ನಮ್ಮಜ್ಜಿ. ಇಂಗ್ಲಿಷು ಅಲ್ಲಿಗೆ ಮುಗಿದು, ತನ್ನಷ್ಟಕ್ಕೆ ಗೊಣಗಿದಳು: “ಯಾವಳವ್ವ ಇವ್ಳು, ಬೆಳಿಗ್ಗೆ ಬೆಳಿಗ್ಗೇನೇ!”

ಸ್ವೆಟರಿನವರ ಕೈ ಸಡಿಲವಾಯ್ತು. “ಅಯ್ಯೋ, ಕನ್ನಡದೋರಾ? ಯಾವೂರು?”

“ಮಂಡ್ಯ. ನಿಮ್ದು?”

“ಹಾಸನ ಕಣ್ರೀ! ಮಗಳ ಮನೆಗೆ ಬಂದಿದ್ದೀನಿ. ಹುಡುಗ ಹೆಸ್ರು ಕೇಳ್ತಾನಲ್ಲ, ಹೆಸ್ರು ಹಿಡಿದು ಕೂಗಿಸ್ಕೊಳ್ಳೋದು ಹೆಂಗೆ ಅಂತ ನಾನು ಅಜ್ಜಿ ಅಂದ್ಬಿಟ್ಟೆ.”

ಇಲ್ಲಿತನಕ ಎಳೆದಾಡುತ್ತಿದ್ದ ಕಪ್ಪು ಈಗ ಉಲ್ಟಾ ತಿರುಗಿತು. “ನೀವು ಕುಡೀರಿ.” “ಛೆ ಛೆ, ಮೊದ್ಲು ನೀವು.” “ನಂಗೇನವಸ್ರ ಇಲ್ಲ, ನೀವು ತಗೊಳ್ಳಿ.” ಹಿಂದಿನ ಸಾಲು ಬಾಗಿಲು ದಾಟಿ ನನ್ನ ಮೇಜಿನ ತನಕ ಬಂತು. ಕೊನೆಗೆ ಕೌಂಟರಿನ ಹುಡುಗ ಇನ್ನೊಂದು ಕಾಫಿ ಮಾಡಿ, ಗೊಂದಲವೇ ಬೇಡ ಅಂತ ಎರಡು ಕಪ್ಪಿನ ಮೇಲೂ ದಪ್ಪಗೆ ನಂಬರು ಬರೆದ. ಅವರು ಮುಂಚಿನಿಂದ ಬರುತ್ತಿದ್ದವರಾದ್ದರಿಂದ ಅವರಿಗೆ ಒಂದು, ನಮ್ಮಜ್ಜಿಗೆ ಎರಡು. ಇಬ್ಬರೂ ಒಂದೇ ಮೇಜಿಗೆ ಕೂತರು. ಮಧ್ಯಾಹ್ನದವರೆಗೆ ಏಳಲಿಲ್ಲ. ನಾನೊಬ್ಬ ಹೊರಗಿದ್ದೀನಿ ಅನ್ನೋದನ್ನೇ ಅಜ್ಜಿ ಮರೆತಳು.

ಸಂಜೆ ಅಪ್ಪ ಲ್ಯಾಪ್‌ಟಾಪು ತೆಗೆದು ಸಣ್ಣ ದನಿಯಲ್ಲಿ ಕೇಳಿದರು: “ಅವ್ವ, ತಿಂಗಳು ಮುಗೀತು. ಟಿಕೆಟ್ ಯಾವತ್ತಿಗೆ ಹಾಕಿಸ್ಲಿ?”

ಅಜ್ಜಿ ಸೊಪ್ಪು ಬಿಡಿಸುತ್ತಿದ್ದವಳು ಹಂಗೇ ಬುಟ್ಟಿ ಕುಕ್ಕಿದಳು.

“ಯಾವ ಟಿಕೆಟ್ಲಾ? ಆ ಹಾಸನದೋಳು ನನಗಿಂತ ಎರಡು ವರ್ಷ ಚಿಕ್ಕೋಳು. ಅವ್ಳು ಒಂದ್ನೇ ಅಜ್ಜಿ, ನಾನು ಎರಡ್ನೇ ಅಜ್ಜಿ ಅಂತೆ! ಯುಗಾದಿಗೆ ಅವ್ಳು ಊರಿಗೋಯ್ತಾಳೆ. ಒಂದ್ನೇ ಅಜ್ಜಿ ಆಗ್ದೆ ನಾನು ಈ ದೇಶ ಬುಡಾಕಿಲ್ಲ!”